ಚಿಕ್ಕ ಕಾಫಿ ಅಂಗಡಿ, ಚಿಕ್ಕ ತೋಟ: ಮೂಡಿಗೆರೆ ಅಕ್ಕನ ಪ್ರಶ್ನೆಗೆ ಉತ್ತರ

ಅಕ್ಕ, ನಿಮ್ಮ ಪ್ರಶ್ನೆ ಓದಿದೆ. ಹಾಸನದಲ್ಲಿ ಓದುವ ಮಗ ಗೆಳೆಯರ ಜೊತೆ ದೊಡ್ಡ ಚೈನ್ ಕೆಫೆಗೇ ಹೋಗುತ್ತಾನೆ. ಊರಿನವರ ಅಂಗಡಿಗೆ ಹೋಗಪ್ಪ ಅಂದರೆ "ಅದರಿಂದ ನಮ್ಮ ತೋಟಕ್ಕೆ ಏನು ಬರುತ್ತೆ?" ಅಂತ ಕೇಳುತ್ತಾನೆ ಅಂದಿರಿ. ಹುಡುಗ ಸರಿಯಾಗೇ ಕೇಳಿದ್ದಾನೆ. ಊರ ಅಭಿಮಾನ ಅಂತ ಸುಮ್ನೆ ಹೇಳಿದರೆ ಅವನು ಒಪ್ಪುವುದಿಲ್ಲ. ಲೆಕ್ಕ ಹಾಕಿ ತೋರಿಸಿ.

ಒಂದು ಮೂಟೆ ಅರೇಬಿಕಾ ಜಾತಿಯ ಕಾಫಿಯ ಪಾರ್ಚ್‌ಮೆಂಟ್ ತಗೊಳ್ಳಿ, ಅಂದರೆ ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ, ಮೇಲೆ ಹೊಟ್ಟು ಇನ್ನೂ ಇರುವ ಬೀಜ, 50 ಕೆಜಿ. ಹೊಟ್ಟು ತೆಗೆದರೆ ಸುಮಾರು 40 ಕೆಜಿ ಬೀಜ. ಹುರಿದಾಗ ನೂರಕ್ಕೆ 15ರಿಂದ 20ರಷ್ಟು ತೂಕ ಹೋಗುತ್ತದೆ. 33 ಕೆಜಿ ಉಳಿಯಿತು ಅಂತಿಟ್ಟುಕೊಳ್ಳಿ. ಲೋಟಕ್ಕೆ 10 ಗ್ರಾಂ ಪುಡಿ ಹಾಕಿದರೆ 3,300 ಲೋಟ ಕಾಫಿ. ದಿನಕ್ಕೆ ನೂರು ಲೋಟ ಮಾರುವ ಅಂಗಡಿಗೆ ಒಂದು ಮೂಟೆ ಒಂದು ತಿಂಗಳು ಬರುತ್ತದೆ. ವರ್ಷಕ್ಕೆ 11–12 ಮೂಟೆ ಸಾಕು. ನಿಮ್ಮಂಥ ಮೂರ್ನಾಲ್ಕು ಎಕರೆಯವರು ಒಬ್ಬರೇ ಒಂದು ಅಂಗಡಿಗೆ ವರ್ಷಪೂರ್ತಿ ಬೀಜ ಕೊಡಬಹುದು, ಅಲ್ವಾ? ನಾನು ಚಿಕ್ಕ ಅಂಗಡಿಗಳ ಪರ ನಿಲ್ಲುವುದು ಇದಕ್ಕೇ. ಅವರಿಗೆ ಬೇಕಾದಷ್ಟು ಮತ್ತು ನಾವು ಬೆಳೆಯುವಷ್ಟು ಹೆಚ್ಚುಕಮ್ಮಿ ಒಂದೇ ಅಳತೆ.

ಚೈನಿನವರಿಗೆ ಎಲ್ಲಾ ಊರಲ್ಲೂ, ವರ್ಷವಿಡೀ ಒಂದೇ ರುಚಿ ಬೇಕು. ಅದಕ್ಕೆ ಟನ್ನುಗಟ್ಟಲೆ ಬೀಜ ಬೇಕು, ಹತ್ತಾರು ತೋಟದ್ದು ಬೆರೆಸಬೇಕು. ನಿಮ್ಮ 12 ಮೂಟೆ ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ವ್ಯಾಪಾರಿಗೆ ಕೊಟ್ಟರೆ ರೇಟು ನಮ್ಮ ಕಣ ನೋಡಿ ಬರುವುದಿಲ್ಲ. ಅರೇಬಿಕಾಗೆ ನ್ಯೂಯಾರ್ಕ್ ಮಾರುಕಟ್ಟೆ, ಇನ್ನೊಂದು ಜಾತಿಯ ಕಾಫಿ ರೋಬಸ್ಟಾಗೆ ಲಂಡನ್ ಮಾರುಕಟ್ಟೆ ನೋಡಿ ಬರುತ್ತದೆ. ಹಣ್ಣು ಮಾತ್ರ ಆರಿಸಿ ಕೊಯ್ದವರಿಗೂ ಕಾಯಿ ಹಣ್ಣು ಸೇರಿಸಿ ಕಿತ್ತವರಿಗೂ ಹೆಚ್ಚುಕಮ್ಮಿ ಅದೇ ದುಡ್ಡು. ರುಚಿ ನೋಡಿ ಬೆಲೆ ಕೊಡುವವರು ಸಿಗುವುದು ಸ್ವಂತವಾಗಿ ಹುರಿದು ಮಾರುವ ಅಂಗಡಿಯಲ್ಲಿ.

ಇಲ್ಲೇ ಇನ್ನೊಂದು ಮಾತು. ಚೈನ್ ಅಂದರೆ ಹೊರದೇಶದ ಬೀಜ ಅಂತ ಕೆಲವರು ಹೇಳುತ್ತಾರೆ. ಹಾಗಲ್ಲ. ಕೆಫೆ ಕಾಫಿ ಡೇ ಕಟ್ಟಿದ ವಿ.ಜಿ. ಸಿದ್ಧಾರ್ಥ ನಮ್ಮ ಚಿಕ್ಕಮಗಳೂರು ಜಿಲ್ಲೆಯವರೇ. ಮೊದಲ ಕೆಫೆ ತೆರೆದದ್ದು 1996ರಲ್ಲಿ, ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ. ಕಾಲೇಜು ಹುಡುಗರು ಕಾಫಿಗೆ ಅಂತಲೇ ಹೊರಗೆ ಹೋಗಿ ಕೂರುವ ರೂಢಿ ಬೆಳೆದದ್ದರಲ್ಲಿ ಅವರ ಪಾಲು ದೊಡ್ಡದು. 2012ರಲ್ಲಿ ಬಂದ ಸ್ಟಾರ್‌ಬಕ್ಸ್ ಕೂಡ ಟಾಟಾ ಜೊತೆ ಸೇರಿ ಬಂದದ್ದು, ಮುಖ್ಯವಾಗಿ ಇಲ್ಲಿನ ಬೀಜವನ್ನೇ ಹುರಿಯುತ್ತಾರೆ. ಅವರ ಮೇಲೆ ಇಲ್ಲದ ಆರೋಪ ಹೊರಿಸುವುದು ಬೇಡ.

ಹಾಗೆಯೇ, ಊರಿನ ಅಂಗಡಿ ಅಂದ ಮಾತ್ರಕ್ಕೆ ಒಳ್ಳೆಯದು ಅಂತಲೂ ಅಲ್ಲ. ಅಗ್ಗದ ಕಪ್ಪು ಬೀಜ, ಒಡೆದ ಬೀಜ ತಂದು ಕರಿ ಮಾಡಿ ಹುರಿದರೆ ದೋಷ ಎಲ್ಲಾ ಮುಚ್ಚಿಹೋಗುತ್ತದೆ, ಕಹಿ ಮಾತ್ರ ಉಳಿಯುತ್ತದೆ. ಅದಕ್ಕೆ ಮಗನಿಗೆ ಹೇಳಿ, ಅಂಗಡಿಯಲ್ಲಿ ಮೊದಲು ಹುರಿದ ದಿನ ಕೇಳಲಿ. ಎಕ್ಸ್‌ಪೈರಿ ದಿನ ಅಲ್ಲ, ಹುರಿದ ದಿನ. ಒಳ್ಳೆಯ ಅಂಗಡಿಯವರು ತಕ್ಷಣ ಹೇಳುತ್ತಾರೆ. ಆಮೇಲೆ ಯಾವ ತೋಟದ್ದು, ಯಾವ ತಳಿ ಅಂತ ಕೇಳಲಿ. 2019ರಲ್ಲಿ ಚಿಕ್ಕಮಗಳೂರು ಅರೇಬಿಕಾಗೂ ಬಾಬಾಬುಡನ್‌ಗಿರಿ ಅರೇಬಿಕಾಗೂ ಜಿಐ ಮಾನ್ಯತೆ, ಅಂದರೆ ಇಂಥ ಜಾಗದ್ದೇ ಬೆಳೆ ಅನ್ನುವ ಕಾನೂನಿನ ಗುರುತು, ಸಿಕ್ಕಿದೆ. ಆ ಹೆಸರನ್ನು ಬೋರ್ಡಿನಲ್ಲಿ ದೊಡ್ಡದಾಗಿ ಬರೆಸಿಕೊಂಡವರು ಎಲ್ಲಿಂದ ಕೊಂಡೆವು ಅಂತ ಹೇಳಲೇಬೇಕು. ತಡವರಿಸಿದರೆ ಬೇರೆ ಅಂಗಡಿ ನೋಡುವುದು ವಾಸಿ.

ಕಾಫಿಗೆ ಬೆರೆಸುವ ಚಿಕೋರಿ (ಒಂದು ಗಿಡದ ಬೇರನ್ನು ಹುರಿದು ಮಾಡಿದ ಪುಡಿ) ವಿಷಯ ಇದೆಯಲ್ಲ, ಅದು ತಪ್ಪಲ್ಲ. ತುಂಬಾ ಮನೆಗಳಲ್ಲಿ ಆ ಗಟ್ಟಿ ಡಿಕಾಕ್ಷನ್ನೇ ಇಷ್ಟ. ಆದರೆ ಎಷ್ಟು ಅಂತ ಪೊಟ್ಟಣದ ಮೇಲೆ ಇರಬೇಕು. ಕಾನೂನಿನ ಪ್ರಕಾರ ಮಿಶ್ರಣದಲ್ಲಿ ಕಾಫಿ ಕನಿಷ್ಠ ನೂರಕ್ಕೆ 51 ಇರಲೇಬೇಕು. ಶುದ್ಧ ಕಾಫಿ ಅಂತ ಕೊಟ್ಟ ಪುಡಿಯ ಮೇಲೆ ಅನುಮಾನ ಬಂದರೆ ಒಂದು ಗಾಜಿನ ಲೋಟದಲ್ಲಿ ತಣ್ಣೀರು ತಗೊಂಡು ಮೇಲೆ ಚಿಟಿಕೆ ಪುಡಿ ಉದುರಿಸಿ. ಕಾಫಿ ತೇಲುತ್ತದೆ. ಚಿಕೋರಿ ಬೇಗ ಮುಳುಗುತ್ತದೆ, ಇಳಿಯುವಾಗ ಕಂದು ಗೆರೆ ಎಳೆಯುತ್ತಾ ಹೋಗುತ್ತದೆ.

ಹೊಸ ಅಂಗಡಿಯಲ್ಲಿ ಮೊದಲ ಸಲ ಕಾಲು ಕೆಜಿಗಿಂತ ಜಾಸ್ತಿ ಕೊಳ್ಳಬೇಡಿ. ಸಾಧ್ಯವಾದರೆ ಬೀಜವನ್ನು ನಿಮ್ಮ ಎದುರೇ ಪುಡಿ ಮಾಡಿಸಿ. ಒಂದು ಗುಟುಕು ಹಾಲು ಸಕ್ಕರೆ ಇಲ್ಲದೆ ಕುಡಿದು ನೋಡಿ. ಬೂಷ್ಟಿನ ವಾಸನೆ ಬಂದರೆ ಬೀಜ ಸರಿಯಾಗಿ ಒಣಗಿಲ್ಲ, ಇಲ್ಲವೇ ಇಟ್ಟಲ್ಲಿ ತೇವ ತಗುಲಿದೆ ಅಂತ ಅರ್ಥ. ಇದು ನಮಗೆ ಹೇಳಿಕೊಡಬೇಕಾದ ವಿಷಯವಲ್ಲ.

ಇನ್ನು ನೀವೇ ಇಂಥ ಅಂಗಡಿಗೆ ಬೀಜ ಕೊಡುವ ಯೋಚನೆ ಇದ್ದರೆ ಇಡೀ ಬೆಳೆ ಅದಕ್ಕೆ ಅಂತ ಇಡಬೇಡಿ. ಒಂದೆರಡು ಮೂಟೆಯಿಂದ ಶುರು ಮಾಡಿ. ಕೆಂಪು ಹಣ್ಣು ಮಾತ್ರ ಆರಿಸಿ, ನೀರಿಗೆ ಹಾಕಿ ತೇಲುವ ಜೊಳ್ಳು ತೆಗೆಯಿರಿ. ಅದೇ ದಿನ ಪಲ್ಪಿಂಗ್ (ಹಣ್ಣಿನ ಸಿಪ್ಪೆ ಬಿಡಿಸುವುದು) ಆಗಲಿ. ಪಾರ್ಚ್‌ಮೆಂಟನ್ನು ತೇವ ನೂರಕ್ಕೆ 10 ಬರುವವರೆಗೆ ನಿಧಾನವಾಗಿ ಒಣಗಿಸಿ. ತಳಿ ಬೆರೆಸಬೇಡಿ. ಎಸ್.795 ಬೇರೆ, ಚಂದ್ರಗಿರಿ ಬೇರೆ ಚೀಲದಲ್ಲಿ ಇರಲಿ, ಕೊಯ್ದ ತಾರೀಕಿನ ಚೀಟಿ ಒಳಗೂ ಹೊರಗೂ ಹಾಕಿ. ಕಾಫಿ ಬೋರ್ಡಿನವರಲ್ಲಿ ಕಪ್ ಟೆಸ್ಟ್ (ರುಚಿ ಪರೀಕ್ಷೆ) ಮಾಡಿಸಿದರೆ ಮಾತಾಡುವಾಗ ಕೈಯಲ್ಲಿ ಒಂದು ಕಾಗದ ಇರುತ್ತದೆ. ತಳಿ, ಸಂಸ್ಕರಣೆಯ ಬಗ್ಗೆ ಅನುಮಾನ ಇದ್ದರೆ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ನಿಮಗೆ ದೂರವೇನಲ್ಲ.

ಕಷ್ಟ ಇರುವುದು ಎರಡು ಕಡೆ. ಚಿಕ್ಕ ಲಾಟನ್ನು ದೊಡ್ಡ ಕ್ಯೂರಿಂಗ್ ವರ್ಕ್ಸಿನಲ್ಲಿ (ಹೊಟ್ಟು ತೆಗೆದು ಬೀಜ ವಿಂಗಡಿಸುವ ಕಾರ್ಖಾನೆ) ಬೇರೆಯಾಗಿ ಹೊಡೆಸುವುದು ಕಷ್ಟ. ನಾಲ್ಕೈದು ಬೆಳೆಗಾರರು ಸೇರಿ ಹೊಟ್ಟು ತೆಗೆಯುವ ಒಂದು ಸಣ್ಣ ಯಂತ್ರ, ಹಲ್ಲರ್, ನೋಡಿಕೊಳ್ಳಿ. ಇನ್ನೊಂದು ದುಡ್ಡು. ಚಿಕ್ಕ ಅಂಗಡಿಯವರ ಕೈಯಲ್ಲೂ ಒಟ್ಟಿಗೆ ದುಡ್ಡು ಇರುವುದಿಲ್ಲ, ಹನ್ನೆರಡು ಮೂಟೆಗೂ ಒಂದೇ ಸಲ ಕೇಳಿದರೆ ಹೆದರುತ್ತಾರೆ. ತಿಂಗಳಿಗೊಂದು ಮೂಟೆ ಕೊಡಿ, ಆ ಮೂಟೆಯ ದುಡ್ಡು ಬಂದಮೇಲೆ ಮುಂದಿನದು. ರೇಟನ್ನು ಬರೆದುಕೊಂಡೇ ಮಾಡಿ, ಮಾರುಕಟ್ಟೆ ಏರಿದರೆ ಏನು, ಇಳಿದರೆ ಏನು ಅನ್ನುವುದೂ ಅದರಲ್ಲಿ ಇರಲಿ.

ಅರೇಬಿಕಾ ಕೊಯ್ಲು ಶುರುವಾಗುವ ಮೊದಲೇ ಮಗನನ್ನು ಹಾಸನದ ಎರಡು ಮೂರು ಹುರಿಯುವ ಅಂಗಡಿಗಳಿಗೆ ಕಳಿಸಿ. ಅವರು ಈಗ ಎಲ್ಲಿಂದ ಕೊಳ್ಳುತ್ತಾರೆ, ಸ್ಯಾಂಪಲ್ ಎಷ್ಟು ಬೇಕು ಅಂತ ಕೇಳಿಕೊಂಡು ಬರಲಿ. ಅವರು ಹೇಳಿದ್ದನ್ನು ಇಲ್ಲೇ ಹಾಕಿ, ರೇಟು ಎಷ್ಟು ಕೇಳಬಹುದು ಅಂತ ಕೂತು ಲೆಕ್ಕ ಮಾಡೋಣ.