ಬೆಟ್ಟದ ನೆತ್ತಿಯ ಹಳೆಯ ಊರು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಅಕ್ಟೋಬರ್‌ನಲ್ಲಿ ರೋಮ್‌ಗೆ ಹೋಗುತ್ತಿದ್ದೇವೆ. ಇಟಲಿಯ ಅಬ್ರುಟ್ಸೊ ಬೆಟ್ಟಗಳಲ್ಲಿರುವ ಸಾಂತೊ ಸ್ತೆಫಾನೊ ದಿ ಸೆಸ್ಸಾನಿಯೊ ಎಂಬ ಮಧ್ಯಯುಗದ ಊರನ್ನು ಒಂದೇ ದಿನದಲ್ಲಿ ನೋಡಿ ಬರಬಹುದೇ? ಮಂಡಿನೋವಿರುವ ಅಮ್ಮನೂ ಜೊತೆಗಿರುತ್ತಾರೆ.

ಉತ್ತರ: ಬರಬಹುದು, ಆದರೆ ಒಂದು ರಾತ್ರಿ ಅಲ್ಲೇ ತಂಗಿರಿ. ಕಾರಿನಲ್ಲಿ ಹೋಗಲು ಸುಮಾರು ಎರಡು ಗಂಟೆ ಬೇಕು: ಎ24 ಹೆದ್ದಾರಿಯಲ್ಲಿ ಲಾಕ್ವಿಲಾ ನಗರದ 'ಲಾಕ್ವಿಲಾ ಎಸ್ತ್' ನಿರ್ಗಮನದ ತನಕ ಹೋಗಿ, ಬರಿಷಾನೊ ಊರು ದಾಟಿ ಬೆಟ್ಟ ಹತ್ತಬೇಕು. ನಮ್ಮ ಲೈಸೆನ್ಸ್ ಜೊತೆಗೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯೂ ಕೈಯಲ್ಲಿರಲಿ.

ಬಸ್ಸಿನಲ್ಲಾದರೆ ರೋಮ್‌ನ ತಿಬುರ್ತಿನಾ ನಿಲ್ದಾಣದಿಂದ ಲಾಕ್ವಿಲಾವರೆಗೆ ತೊಂದರೆಯಿಲ್ಲ. ಜನ ಸಿಕ್ಕಿಹಾಕಿಕೊಳ್ಳುವುದು ಅಲ್ಲಿಂದ ಮುಂದೆ. ಊರಿಗೆ ಹೋಗುವ ಬಸ್ಸುಗಳು ಬೆರಳೆಣಿಕೆಯಷ್ಟು. ವೇಳಾಪಟ್ಟಿಯಲ್ಲಿ 'ಫೆರಿಯಾಲೆ' ಎಂದಿದ್ದರೆ ಕೆಲಸದ ದಿನ, ಅದರಲ್ಲಿ ಶನಿವಾರವೂ ಸೇರುತ್ತದೆ. ಭಾನುವಾರಕ್ಕೂ ಹಬ್ಬಕ್ಕೂ 'ಫೆಸ್ತಿವೊ' ಎಂದು ಬರೆದಿರಬೇಕು. ಹೋಗುವ ಬಸ್ಸಿಗಿಂತ ಮೊದಲು ಮರಳುವ ಬಸ್ಸನ್ನು ಖಚಿತಪಡಿಸಿಕೊಳ್ಳಿ.

ಊರೊಳಗೆಲ್ಲ ಕಲ್ಲುಹಾಸು, ಮೆಟ್ಟಿಲು. ಗಾಲಿ ಸೂಟ್‌ಕೇಸ್ ಉರುಳುವುದಿಲ್ಲ, ಬೆನ್ನಿಗೆ ಹಾಕುವ ಚೀಲವೇ ಸರಿ. ನುಣುಪಾದ ಸುಣ್ಣಕಲ್ಲು ಮಳೆ ಬಿದ್ದರೆ ಜಾರುತ್ತದೆ. ಇಲ್ಲಿ ಹಳೆಯ ಮನೆಗಳನ್ನೇ ಹೋಟೆಲ್ ಕೋಣೆಗಳನ್ನಾಗಿ ಮಾಡಿರುವುದರಿಂದ ಸ್ವಾಗತ ಕೌಂಟರ್ ಒಂದು ಓಣಿಯಲ್ಲಿ, ನಿಮ್ಮ ಕೋಣೆ ಇನ್ನೊಂದರಲ್ಲಿ ಇರಬಹುದು. ವಾಹನ ನಿಲ್ಲುವ ಜಾಗದಿಂದ ಕೋಣೆಗೆ ಎಷ್ಟು ಮೆಟ್ಟಿಲು ಎಂದು ಅಮ್ಮನಿಗಾಗಿ ಮೊದಲೇ ಕೇಳಿ. ಊರು 1,250 ಮೀಟರ್ ಎತ್ತರದಲ್ಲಿದೆ, ರಾತ್ರಿ ಚಳಿ ಕೊರೆಯುತ್ತದೆ. ಮಧ್ಯಾಹ್ನದ ಊಟ ಎರಡೂವರೆಗೆ ಮುಗಿದರೆ ಮತ್ತೆ ಅಡುಗೆಮನೆ ತೆರೆಯುವುದು ರಾತ್ರಿ ಏಳೂವರೆ ಹೊತ್ತಿಗೆ.

ಪ್ರಶ್ನೆ: ಪಕ್ಕದ ರೋಕ್ಕಾ ಕಲಾಶೋ ಕೋಟೆಗೆ ನಡೆದೇ ಹೋಗಬಹುದೇ?

ಉತ್ತರ: ಖಂಡಿತ, ಆ ನಡಿಗೆಯೇ ಇಡೀ ಪ್ರವಾಸದ ತಿರುಳು. ಒಂದು ಕಡೆಗೆ ಒಂದೂವರೆ ಗಂಟೆ ಇಟ್ಟುಕೊಳ್ಳಿ. ಏರು ಸುಮಾರು 200 ಮೀಟರ್. ಹುಲ್ಲುಗಾವಲಿನ ದಾರಿ, ನೆರಳಿಲ್ಲ. ನೀರನ್ನು ಊರಿನಲ್ಲೇ ತುಂಬಿಸಿಕೊಳ್ಳಿ. ಅಕ್ಟೋಬರ್‌ನ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ, ಆಮೇಲೆ ಐದು ಗಂಟೆಗೆಲ್ಲ ಸೂರ್ಯ ಮುಳುಗುತ್ತಾನೆ. ಹಾಗಾಗಿ ಬೆಳಿಗ್ಗೆಯೇ ಹೊರಡಿ. ಅಮ್ಮ ಕಾರಿನಲ್ಲಿ ಬಂದರೂ ಕೊನೆಯ ಏರನ್ನು ನಡೆದೇ ಹತ್ತಬೇಕು. ಅದು ಮಂಡಿನೋವಿನವರಿಗೆ ಹೇಳಿ ಮಾಡಿಸಿದ್ದಲ್ಲ.

ಪ್ರಶ್ನೆ: ಸಾಂತೊ ಸ್ತೆಫಾನೊದ ಗೋಪುರ ಹೊಸದಾಗಿ ಕಾಣುತ್ತದಲ್ಲ, ಏಕೆ?

ಉತ್ತರ: 2009ರ ಏಪ್ರಿಲ್ 6ರ ಭೂಕಂಪದಲ್ಲಿ ಹಳೆಯ ದುಂಡು ಗೋಪುರ ಕುಸಿಯಿತು, ಆಮೇಲೆ ಮತ್ತೆ ಕಟ್ಟಿದರು. ಓಣಿಗಳ ಮೇಲೆ ಮನೆಯಿಂದ ಮನೆಗೆ ಹಾಯ್ದಿರುವ ಕಲ್ಲಿನ ಕಮಾನುಗಳನ್ನು ಗಮನಿಸಿ: ಅವು ಎದುರುಬದುರು ಗೋಡೆಗಳು ಒಂದಕ್ಕೊಂದು ಆನಿಸಿ ನಿಲ್ಲುವಂತೆ ಮಾಡುತ್ತವೆ. ಊರಿಗೆ ಬೇರೆ ಕೋಟೆಗೋಡೆಯಿಲ್ಲ. ಅಂಚಿನ ಮನೆಗಳ ಹಿಂಗೋಡೆಗಳೇ ಕೋಟೆ. ಹೆಬ್ಬಾಗಿಲ ಮೇಲಿರುವುದು ಫ್ಲಾರೆನ್ಸಿನ ಮೆದಿಚಿ ಮನೆತನದ ಲಾಂಛನ. ಕುರಿಯುಣ್ಣೆಯ ವ್ಯಾಪಾರವೇ ಅವರನ್ನು ಈ ಬೆಟ್ಟಕ್ಕೆ ಕರೆತಂದದ್ದು.