ಒಂದೇ ಸಲ ದುಬಾರಿಯದ್ದು ಕೊಂಡರೆ ಹತ್ತು ವರ್ಷ ಬರುತ್ತದೆ ಅಂತ ನಂಬಬೇಡಿ

ಮೊದಲ ಚಾರಣಕ್ಕೇ ಎಲ್ಲಾ ಸಾಮಾನನ್ನೂ ಒಳ್ಳೇ ಕಂಪನಿಯದ್ದೇ ತಗೊಂಡುಬಿಟ್ಟರೆ ಹತ್ತು ವರ್ಷ ಯೋಚನೆ ಇರಲ್ಲ ಅಲ್ವಾ, ಅಂತ ಕೇಳಿದ್ದೀರಿ. ಇದೇ ಮಾತನ್ನು ನಾನೂ ಮನೆಯಲ್ಲಿ ಹೇಳಿದ್ದೆ. ಚಾರಣಕ್ಕೆ ಇನ್ನೂ ಒಂದು ತಿಂಗಳಿತ್ತು, ಅಷ್ಟರಲ್ಲೇ 65 ಲೀಟರಿನ ಬ್ಯಾಗು, ಮಳೆನೀರು ಒಳಗೆ ಬಿಡದ ಗೋರ್‌-ಟೆಕ್ಸ್‌ ಬಟ್ಟೆಯ ಜಾಕೆಟ್ಟು, ಪುಕ್ಕ ತುಂಬಿದ ಸ್ಲೀಪಿಂಗ್‌ ಬ್ಯಾಗು, ಟೆಂಟು, ಕಣಕಾಲು ಮುಚ್ಚುವ ಬೂಟು ಎಲ್ಲಾ ಬಂದು ಕೂತಿದ್ದವು. ಎರಡು ತಿಂಗಳ ಸಂಬಳ ಅದಕ್ಕೇ ಹೋಯಿತು.

ಆ ವರ್ಷ ಹೋಗಿದ್ದು ಎರಡೇ ಸಲ, ಎರಡೂ ಒಂದೊಂದು ದಿನದ್ದು. ಟೆಂಟು ಬಿಚ್ಚಲೇ ಇಲ್ಲ. ಆಮೇಲೆ ಕೆಲಸ, ಮಗು, ಅದು ಇದು. ಬೂಟನ್ನು ಒರೆಸಿ, ಪ್ಲಾಸ್ಟಿಕ್‌ ಕವರಿನಲ್ಲಿ ಸುತ್ತಿ, ಡಬ್ಬದಲ್ಲಿಟ್ಟು ಅಟ್ಟಕ್ಕೆ ಹಾಕಿದೆ. ಆರು ವರ್ಷ ಅಲ್ಲೇ ಇತ್ತು.

ನನಗೆ ಹೊಡೆತ ಕೊಟ್ಟಿದ್ದು ಅದೇ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇಂಥ ಎಷ್ಟೋ ಬೂಟುಗಳಲ್ಲಿ ಕೆಳಗಿನ ರಬ್ಬರಿಗೂ ಪಾದಕ್ಕೂ ನಡುವೆ ಪಾಲಿಯುರೆಥೇನ್‌ ಎಂಬ ಮೆತ್ತನೆಯ ಪದರ ಇರುತ್ತದೆ. ಗಾಳಿಯಲ್ಲಿರುವ ತೇವ ಸಾಕು, ವರ್ಷಗಳು ಕಳೆದಂತೆ ಅದು ಒಳಗೊಳಗೇ ಮುರಿಯುತ್ತಾ ಬರುತ್ತದೆ. ಇದಕ್ಕೆ ಹೈಡ್ರಾಲಿಸಿಸ್‌ ಅಂತಾರೆ. ನೀವು ನಡೆದರೂ ಆಗುತ್ತದೆ, ನಡೆಯದೆ ಸುಮ್ನೆ ಇಟ್ಟರೂ ಆಗುತ್ತದೆ. ತೇವ ಹೊರಹೋಗದ ಹಾಗೆ ಕವರಿನಲ್ಲಿ ಸುತ್ತಿ, ಸೆಕೆಯ ಅಟ್ಟದಲ್ಲಿಟ್ಟು ನಾನೇ ಅದನ್ನು ಬೇಗ ಕೊಂದೆ. ಹೊರಗಿನ ಚರ್ಮ ಮಾತ್ರ ಹೊಸದರ ಹಾಗೇ ಹೊಳೆಯುತ್ತಿತ್ತು, ನೋಡಿ ಹೇಗೆ ಗೊತ್ತಾಗಬೇಕು?

ಆರು ವರ್ಷದ ಮೇಲೆ ಅದೇ ಬೂಟು ಹಾಕಿಕೊಂಡು, ಅದೇ ಟೆಂಟು ಹೊತ್ತು ಗೆಳೆಯರ ಜೊತೆ ಮೂರು ದಿನದ ಚಾರಣಕ್ಕೆ ಹೊರಟೆ. ಎರಡನೇ ದಿನ ಇಳಿಜಾರಿನಲ್ಲಿ ಬಲಗಾಲಿನ ಹಿಮ್ಮಡಿ ಹತ್ತಿರ ಪಟಪಟ ಸದ್ದು. ಬಗ್ಗಿ ನೋಡಿದರೆ ಅಟ್ಟೆ ಬಾಯಿ ಬಿಟ್ಟಿತ್ತು. ಬೆರಳು ಹಾಕಿದೆ, ನಡುವಿನ ಪದರ ಒಣಗಿದ ಬಿಸ್ಕತ್ತಿನ ಹಾಗೆ ಪುಡಿಪುಡಿಯಾಗಿ ಉದುರಿತು. ಅರ್ಧ ಗಂಟೆಯಲ್ಲಿ ಎಡಗಾಲಿನದ್ದೂ ಹೋಯಿತು. ಟೆಂಟಿನ ಹಗ್ಗ ಸುತ್ತಿ 11 ಕಿಲೋಮೀಟರ್‌ ವಾಪಸ್‌ ನಡೆದೆ. ನನ್ನೊಬ್ಬನಿಂದ ನಾಲ್ಕು ಜನರೂ ತಿರುಗಬೇಕಾಯಿತು, ಅದು ಇವತ್ತಿಗೂ ನೋಯುತ್ತದೆ. ಆ ಟೆಂಟಿನ ಕಥೆಯೂ ಅಷ್ಟೇ, ನೀರು ತಡೆಯಲು ಬಳಿದ ಲೇಪ ಅಂಟಂಟಾಗಿ ವಾಸನೆ ಹೊಡೆಯುತ್ತಿತ್ತು. ಸ್ಲೀಪಿಂಗ್‌ ಬ್ಯಾಗನ್ನು ಅದರ ಚಿಕ್ಕ ಚೀಲದಲ್ಲೇ ಅಮುಕಿಟ್ಟಿದ್ದೆ, ಪುಕ್ಕ ಮೊದಲಿನಂತೆ ಉಬ್ಬಲಿಲ್ಲ.

ಹಾಗಾಗಿ ಯಾವ ಕಂಪನಿಯದ್ದು ಅನ್ನೋ ಪ್ರಶ್ನೆಯನ್ನೇ ಈಗ ಬಿಡಿ. ಎಷ್ಟು ಸಲ ಹೋಗುತ್ತೀರಿ ಅಂತ ನಿಮಗೇ ಇನ್ನೂ ಗೊತ್ತಿಲ್ಲ. ಎಮ್ಮಾ ಗೇಟ್‌ವುಡ್‌ ಅಂತ ಒಬ್ಬರು 1955ರಲ್ಲಿ, 67ನೇ ವಯಸ್ಸಿನಲ್ಲಿ, ಅಮೆರಿಕದ ಅಪಲೇಚಿಯನ್‌ ಟ್ರೈಲ್‌ ಎಂಬ ಉದ್ದನೆಯ ಚಾರಣದ ದಾರಿಯನ್ನು ಒಬ್ಬರೇ ನಡೆದು ಮುಗಿಸಿದರು, 3,200 ಕಿಲೋಮೀಟರಿಗಿಂತ ಜಾಸ್ತಿ. ಕಾಲಿಗೆ ಕ್ಯಾನ್ವಾಸ್‌ ಶೂ, ಹೆಗಲಿಗೆ ಮನೆಯಲ್ಲೇ ಹೊಲಿದ ಚೀಲ, ಮಳೆಗೆ ಬಚ್ಚಲುಮನೆಯ ಪರದೆ. ನೀವೂ ಹಾಗೇ ಹೋಗಿ ಅನ್ನುತ್ತಿಲ್ಲ, ಆದರೆ ಸಾಮಾನಿಲ್ಲ ಅಂತ ಭಯ ಬೇಡ.

ಈಗ ಕೊಳ್ಳಬೇಕಾದದ್ದು ಶೂ, ಹತ್ತಿಯದ್ದಲ್ಲದ ಎರಡು ಜೊತೆ ಕಾಲುಚೀಲ, ತಲೆಗೆ ಕಟ್ಟುವ ಟಾರ್ಚು, ಅಷ್ಟೇ. ಶೂ ನೋಡಲು ಸಂಜೆ ಹೋಗಿ, ದಿನವೆಲ್ಲಾ ಓಡಾಡಿ ಪಾದ ಸ್ವಲ್ಪ ಊದಿರುತ್ತದೆ. ಅದೇ ಕಾಲುಚೀಲ ಹಾಕಿಕೊಂಡು ನೋಡಿ, ಇಳಿಯುವಾಗ ಬೆರಳು ಮುಂದಕ್ಕೆ ತಾಗಬಾರದು. ಬ್ಯಾಗನ್ನು ಬಾಡಿಗೆಗೆ ತನ್ನಿ. ಸೊಂಟದ ಪಟ್ಟಿ ಸೊಂಟದ ಮೂಳೆಯ ಮೇಲೆ ಕೂರಬೇಕು, ಭಾರ ಹೆಗಲಿಗೆ ಬಿದ್ದರೆ ಎಂಥ ದುಬಾರಿ ಬ್ಯಾಗಾದರೂ ಪ್ರಯೋಜನವಿಲ್ಲ. ತೀರಾ ದೊಡ್ಡದೂ ಬೇಡ, ಜಾಗ ಇದೆ ಅಂತ ಏನೇನೋ ತುಂಬುತ್ತೀರಿ, ನಾನು ಹಾಗೇ ಮಾಡಿದ್ದು.

ಟೆಂಟನ್ನಂತೂ ನಿಮ್ಮ ಪಟ್ಟಿಯಿಂದ ಇವತ್ತೇ ತೆಗೆದುಹಾಕಿ. ಜೊತೆಗೆ ಬರುವವರಲ್ಲಿ ಯಾರ ಹತ್ತಿರವಾದರೂ ಇರುತ್ತದೆ, ಕೇಳಿ ನೋಡಿ. ಹೊರಡುವ ವಾರಕ್ಕೆ ಮೊದಲು ಅದನ್ನು ಬಿಡಿಸಿ ಒಳಗಡೆ ಕೈಯಾಡಿಸಿ, ಅಂಟುತ್ತಿದ್ದರೆ ತಗೊಂಡು ಹೋಗಬೇಡಿ.