ಮುಜಂಟಿ ಜೇನು ನೀರಾಗಿದೆ, ಹುಳಿಯಾಗಿದೆ, ಇದು ಒರಿಜಿನಲ್ಲಾ?

ಪ್ರಶ್ನೆ: ಪರಿಚಯದವರೊಬ್ರು ಒಂದು ಬಾಟಲಿ ಮುಜಂಟಿ ಜೇನುತುಪ್ಪ ಕೊಟ್ರು ಸರ್. ನೀರು ನೀರಾಗಿದೆ, ನಾಲಿಗೆಗೆ ಇಟ್ರೆ ಹುಳಿ, ಮೊನ್ನೆ ಮುಚ್ಚಳ ತಿರುಗಿಸಿದ್ರೆ ಬುಸ್ ಅಂತ ನೊರೆ ಉಕ್ಕಿ ಬಂತು. ಕಲಬೆರಕೆನಾ?

ಉತ್ತರ: ಇಷ್ಟು ಲಕ್ಷಣ ನೋಡಿ ಕಲಬೆರಕೆ ಅನ್ನೋಕಾಗಲ್ಲ, ಮುಜಂಟಿ ಅಂದ್ರೆ ಕುಟುಕದ ಪುಟ್ಟ ಜೇನುಹುಳ, ಅದರ ತುಪ್ಪ ಇರೋದೇ ಹೀಗೆ. ಮಾಮೂಲಿ ಜೇನುತುಪ್ಪದಲ್ಲಿ ನೀರಿನಂಶ 20 ಪರ್ಸೆಂಟ್ ಒಳಗಿರುತ್ತೆ, ಮುಜಂಟಿದ್ರಲ್ಲಿ ಸಾಮಾನ್ಯವಾಗಿ 25ರಿಂದ 35ರವರೆಗೂ ಹೋಗುತ್ತೆ, ಅಷ್ಟು ನೀರಿದ್ರೆ ಯೀಸ್ಟ್ ಸುಮ್ನಿರುತ್ತಾ, ನಿಧಾನಕ್ಕೆ ಹುದುಗುತ್ತೆ, ಗ್ಯಾಸ್ ಬರುತ್ತೆ, ಹುಳಿ ಇನ್ನಷ್ಟು ಏರುತ್ತೆ. ಇವು ತುಪ್ಪ ತುಂಬೋದು ಆರು ಮೂಲೆಯ ಎರಿಯಲ್ಲಲ್ಲ, ಮೇಣಕ್ಕೆ ಮರದ ಅಂಟು ಕಲಸಿ ಕಟ್ಟಿದ ಕಂದು ಬಣ್ಣದ ಪುಟ್ಟ ಪುಟ್ಟ ಗುಂಡು ಕುಡಿಕೆಗಳಲ್ಲಿ, ಆ ಅಂಟಿನ ಘಮವೂ ತುಪ್ಪಕ್ಕೆ ಇಳಿಯುತ್ತೆ. ಹಾಗಂತ ತೆಳ್ಳಗಿದ್ದದ್ದೆಲ್ಲಾ ಅಸಲಿ ಅಂತಲೂ ಅಲ್ಲ, ಅದನ್ನ ಲ್ಯಾಬ್‌ನಲ್ಲೇ ನೋಡ್ಬೇಕು. ಬಾಟಲಿನ ಫ್ರಿಜ್‌ನಲ್ಲಿಡಿ, ಕುತ್ತಿಗೆವರೆಗೆ ತುಂಬಿಸ್ಬೇಡಿ. ಬೂಷ್ಟು ಬಂದ್ರೆ ಚೆಲ್ಲಿಬಿಡಿ.

ಪ್ರಶ್ನೆ: ಇದನ್ನ ಶುಗರ್ ಇರೋರು ಎಷ್ಟು ಬೇಕಾದ್ರೂ ತಿನ್ಬಹುದಂತೆ, ಹೌದಾ?

ಉತ್ತರ: ಇಲ್ಲ. ಇದರಲ್ಲಿ ಟ್ರೆಹಾಲುಲೋಸ್ ಅನ್ನೋ ಸಕ್ಕರೆ ಹೇರಳವಾಗಿದೆ ಅಂತ 2020ರಲ್ಲಿ ಸಂಶೋಧಕರು ತೋರಿಸಿದ್ರು, ಅದು ರಕ್ತಕ್ಕೆ ನಿಧಾನವಾಗಿ ಸೇರೋ ಸಕ್ಕರೆ, ಆ ಸುದ್ದಿನೇ ಬಾಯಿಂದ ಬಾಯಿಗೆ ಬೆಳೆದಿದೆ. ಗ್ಲೂಕೋಸ್, ಫ್ರಕ್ಟೋಸ್ ಕೂಡ ಇದ್ದೇ ಇರುತ್ತೆ. ಡಾಕ್ಟರ್ ಕೇಳಿ. ಒಂದು ವರ್ಷ ತುಂಬದ ಮಗುವಿಗಂತೂ ಯಾವ ಜೇನೂ ಬೇಡ, ನೆಕ್ಕಿಸೋದೂ ಬೇಡ.

ಪ್ರಶ್ನೆ: ಗೋಡೆ ಸಂದಿಯಲ್ಲಿ ಒಂದು ಗೂಡಿದೆ. ಹೇಗೂ ಕುಟುಕಲ್ವಲ್ಲ, ಒಡೆದು ಹಿಂಡಿ ತೆಗೀಲಾ?

ಉತ್ತರ: ದಯವಿಟ್ಟು ಬೇಡ. ಅವಕ್ಕೆ ಕೊಂಡಿ ಸವೆದು ಹೆಸರಿಗಷ್ಟೇ ಉಳಿದಿದೆ ನಿಜ, ಕೂದಲಿಗೆ ಸಿಕ್ಕಿಕೊಂಡು ಕಚ್ಚುತ್ತವೆ ಅಷ್ಟೇ, ಆದ್ರೆ ಹಿಂಡೋದ್ರಿಂದ ಏನಾಗುತ್ತೆ ನೋಡಿ. ಕೆಲಸದ ಹುಳಗಳು ಒಂದೊಂದು ಕೋಶಕ್ಕೂ ಮರಿಗೆ ಬೇಕಾದ ಅಷ್ಟೂ ಆಹಾರ ಮೊದಲೇ ತುಂಬಿಡ್ತವೆ, ರಾಣಿ ಬಂದು ಅದರ ಮೇಲೆ ಒಂದು ಮೊಟ್ಟೆ ಇಟ್ಟ ಕೂಡ್ಲೇ ಬಾಯಿ ಮುಚ್ಚಿಬಿಡ್ತವೆ. ಇಂಥ ನೂರಾರು ಕೋಶ ನಿಮ್ಮ ಮುಷ್ಟಿಯಲ್ಲಿ ಪಚಕ್ ಅನ್ನುತ್ತೆ, ಆ ರಸ, ಪರಾಗ ಎಲ್ಲಾ ತುಪ್ಪಕ್ಕೆ ಸೇರಿ ಅದೂ ಬೇಗ ಕೆಡುತ್ತೆ. ಇನ್ನೊಂದು ವಿಷ್ಯ ತುಂಬಾ ಜನಕ್ಕೆ ಗೊತ್ತಿಲ್ಲ, ಮಾಮೂಲಿಯಾಗಿ ಸಾಕೋ ತುಡುವೆ ಜೇನಿನ ಗೂಡಿಗೆ ತೊಂದ್ರೆ ಆದ್ರೆ ರಾಣಿ ಸಮೇತ ಹಾರಿಹೋಗ್ಬಹುದು, ಮುಜಂಟಿಯ ಹಳೇ ರಾಣಿಗೆ ಹೊಟ್ಟೆ ಉಬ್ಬಿ ಹಾರೋಕೇ ಆಗಲ್ಲ, ಗೂಡು ಹೋದ್ರೆ ಅವಳೂ ಹೋದಂಗೇ.

ತುಪ್ಪ ಬೇಕೇ ಬೇಕು ಅಂದ್ರೆ, ಅನುಭವ ಇರೋರಿಂದ ಗೂಡನ್ನ ಮರದ ಪೆಟ್ಟಿಗೆಗೆ ದಾಟಿಸಿ, ಕುಟುಂಬ ಬಲವಾದ ಮೇಲೆ ಮರಿ ಇರೋ ಭಾಗ ಮುಟ್ಟದೆ ತುಪ್ಪದ ಕುಡಿಕೆಗೆ ಮಾತ್ರ ತೂತು ಮಾಡಿ, ಸ್ವಚ್ಛವಾದ ಸಿರಿಂಜ್‌ನಲ್ಲಿ ಎಳ್ಕೊಳ್ಳಿ. ಹೂ ಕಮ್ಮಿ ಇರೋ ದಿನಕ್ಕೆ ಅವಕ್ಕೂ ಒಂದಷ್ಟು ಕುಡಿಕೆ ಬಿಡಿ. ಈ ಪುಟ್ಟ ಜಾತಿಗಳಲ್ಲಿ ವರ್ಷಕ್ಕೆ ಒಂದು ಕೇಜಿ ಸಿಗೋದೂ ಕಷ್ಟ, ಆದ್ರೆ ಸುತ್ತಲಿನ ತರಕಾರಿ, ಹಣ್ಣಿನ ಹೂಗಳಿಗೆ ಪರಾಗಸ್ಪರ್ಶ ಮಾಡ್ತಾ ಇರ್ತವೆ, ನನ್ನ ಕೇಳಿದ್ರೆ ತುಪ್ಪಕ್ಕಿಂತ ಆ ಲಾಭನೇ ದೊಡ್ಡದು.